ಹುಡುಗ ಬೀಸ್ತಾನೆ

ಗಿರಣಿ ಇರುವ ಮನೆಯಲ್ಲಿ ಯಾವುದೂ ಇಟ್ಟಲ್ಲಿ ಇರುವುದಿಲ್ಲ. ಮೋಟಾರು ಶುರುವಾದರೆ ಗೋಡೆಯ ಕ್ಯಾಲೆಂಡರ್ ಮೊಳೆಗೆ ಜೋತುಬಿದ್ದು ಅತ್ತಿತ್ತ ಓಡಾಡುತ್ತದೆ, ಚಹಾದ ಲೋಟ ತಾನಾಗಿ ಮೇಜಿನ ಅಂಚಿಗೆ ನಡೆದು ಬರುತ್ತದೆ, ನನ್ನ ತಮ್ಮನ ಕಾಲು ಕುಣಿಯುತ್ತದೆ. ಮೋಟಾರು ನಿಂತ ಮೇಲೆ ಕ್ಯಾಲೆಂಡರ್ ನಿಲ್ಲುತ್ತದೆ, ಲೋಟ ನಿಲ್ಲುತ್ತದೆ. ಹೀಗಾಗಿ ನಮ್ಮಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಯಾಕಾಯಿತು ಎಂದು ಯೋಚಿಸಲು ಯಾರಾದರೂ ಒಂದು ಕಡೆ ಕೂರಬೇಕಲ್ಲ, ಆ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

ಗಿರಣಿ ಶಿಕಾರಿಪುರದಲ್ಲಿದೆ. ಹಾಕಿದವರು ನಮ್ಮ ಅಪ್ಪ. ಅವರು ಶಾಲೆಗೆ ಹೆಚ್ಚು ಹೋದವರಲ್ಲ, ಆದರೆ ಒಂದು ಕ್ರಿಯಾಪದದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ನೆನೆಸಿದ್ದಾದ್ರೆ ರುಬ್ಬಬೇಕು. ಚಪ್ಪಟೆ ಕಲ್ಲಿನ ಮೇಲಾದ್ರೆ ಅರೀಬೇಕು. ಒನಕೆ ಹಿಡಿದ್ರೆ ಕುಟ್ಟಬೇಕು. ಗಂಧ ಆದ್ರೆ ತೇಯಬೇಕು. ಒಣಗಿದ ಕಾಳು ಎರಡು ಕಲ್ಲಿನ ಮಧ್ಯೆ ಹಿಟ್ಟಾದ್ರೆ ಮಾತ್ರ ಅದು ಬೀಸೋದು. ನಾವು ಬೀಸೋರು. ಬಾಕಿದ್ದಕ್ಕೆ ಕೈ ಹಾಕಬ್ಯಾಡಿ." ಹಬ್ಬದ ಹಿಂದಿನ ದಿನ ಯಾರಾದರೂ ನೆನೆಸಿದ ಅಕ್ಕಿ ತಂದು, "ಯಜಮಾನ್ರೇ, ಸ್ವಲ್ಪ ರುಬ್ಬಿಕೊಡ್ರಿ" ಎಂದರೆ, ದಾರಿ ತಪ್ಪಿ ಬಂದವರನ್ನು ನೋಡುವ ಹಾಗೆ ಮರುಕದಿಂದ ನೋಡಿ ಕಳಿಸುತ್ತಿದ್ದರು.

ಅವರ ವಿವರಣೆಗೆ ಇನ್ನೊಂದು ಸಾಲಿತ್ತು. "ಬೀಸೋದು ಅಂದ್ರೆ ಮಂದಿ ಕಾಳನ್ನ ಮಂದಿಗೇ ವಾಪಸ್ ಕೊಡೋದು. ಕಲ್ಲಿಗೆ ಅಂಟಿದ್ದಷ್ಟೇ ನಮ್ಮದು." ಈ ಸಾಲು ನಮ್ಮ ಮನೆಗೆ ಏನು ಮಾಡಿತು ಎಂಬುದು ಮುಂದೆ ಬರುತ್ತದೆ. ಸದ್ಯಕ್ಕೆ ತಿಳಿಯಬೇಕಾದ್ದು ಇಷ್ಟು: ಅಪ್ಪನ ನಂತರ ಕಲ್ಲಿನ ಮುಂದೆ ನಿಂತವನು ನನ್ನ ತಮ್ಮ. ಅವನಿಗೆ ಹೆಣ್ಣು ಸಿಗುತ್ತಿರಲಿಲ್ಲ.

ಒಂದೇ ಶಬ್ದದ ಉತ್ತರ

ತಮ್ಮನಿಗೆ ಕುಂದು ಏನೂ ಇಲ್ಲ. ಓದಿದ್ದಾನೆ, ಕುಡಿಯುವುದಿಲ್ಲ, ತಲೆಗೂದಲು ಬೆಳ್ಳಗಿರುವುದು ಹಿಟ್ಟಿನಿಂದ, ವಯಸ್ಸಿನಿಂದಲ್ಲ. ಆದರೆ ಹೆಣ್ಣು ಕೇಳಲು ಹೋದಲ್ಲೆಲ್ಲ ಒಂದು ಪ್ರಶ್ನೆ ಬರುತ್ತಿತ್ತು: "ಹುಡುಗ ಏನ್ ಮಾಡ್ತಾನೆ?" ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ನಮ್ಮ ಅವ್ವ ಹೇಳಿಬಿಡುತ್ತಿದ್ದಳು.

"ಬೀಸ್ತಾನೆ."

ಆಮೇಲೆ ಉಪ್ಪಿಟ್ಟು ಬರುತ್ತಿತ್ತು, ಹುಡುಗಿ ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಹುಡುಗಿಯ ಸೋದರಮಾವ ಎಲ್ಲರಿಗೂ ಕೇಳುವಂತೆ, "ಏನನ್ನ?" ಎಂದು ಕೇಳಿದ. ಅವ್ವ ಸಮಾಧಾನವಾಗಿ, "ನೀವು ತಂದಿದ್ದನ್ನ" ಎಂದಳು.

ನನ್ನ ಹೆಂಡತಿ ಸೊರಬದವಳು, ಲೋಕಜ್ಞಾನ ಇರುವವಳು. ಬರುವ ದಾರಿಯಲ್ಲಿ ಬಸ್ಸಿನೊಳಗೇ ಪಾಠ ಶುರುಮಾಡಿದಳು. "ಅತ್ತೆ, ಬೀಸ್ತಾನೆ ಅನ್ಬಾರ್ದು. ಆಹಾರ ಸಂಸ್ಕರಣೆಯ ಸ್ವಂತ ಉದ್ಯಮ ಅನ್ಬೇಕು."

"ಅದ್ರಲ್ಲಿ ಏನ್ ಮಾಡ್ತಾರೆ?" ಅವ್ವ ಕೇಳಿದಳು.

"ಅದೇ, ಬೀಸೋದು."

"ಮತ್ತೆ ಅಷ್ಟುದ್ದ ಯಾಕೆ? ಕೇಳಿದೋರು ಅಲ್ಲೀತನಕ ಕಾಯ್ತಾರಾ?"

ಖಾಲಿ ಡಬ್ಬಿಯ ಪಾಳಿ

ಗಿರಣಿಯಲ್ಲಿ ಮನುಷ್ಯರು ಸಾಲು ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಡಬ್ಬಿ ಇಟ್ಟು ಜನ ತರಕಾರಿಗೆ, ತಾಲ್ಲೂಕು ಕಚೇರಿಗೆ, ಒಮ್ಮೊಮ್ಮೆ ಶಿವಮೊಗ್ಗಕ್ಕೂ ಹೋಗಿ ಬರುತ್ತಾರೆ. ನಿಂತವರಿಗೆ ತಾಳ್ಮೆ ಇರುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಎಂದು ಬಲ್ಬು ನೋಡುತ್ತ, ತಮ್ಮ ಡಬ್ಬಿಯನ್ನು ಕಾಲಲ್ಲಿ ಇಷ್ಟಿಷ್ಟೇ ಮುಂದೆ ತಳ್ಳುತ್ತಿರುತ್ತಾರೆ.

ನಮ್ಮ ಬೀದಿಯ ಒಬ್ಬ ಅಕ್ಕನ ಡಬ್ಬಿ ಮಾತ್ರ ಯಾವಾಗಲೂ ಮೊದಲು. ಮನೆಯಲ್ಲಿರುವುದು ಅಕ್ಕ ಮತ್ತು ಅವರ ಗಂಡ, ಇಬ್ಬರೇ. ತರುವುದು ಎರಡು ದೊಡ್ಡ ಡಬ್ಬಿ. ತಗಡಿನ ಕೆಲಸದ ಸಾಬ್ರು ಮಾಡಿಕೊಟ್ಟ ಜೋಡಿ ಡಬ್ಬಿ, ಒಂದರ ಹಾಗೇ ಇನ್ನೊಂದು. ಅಕ್ಕನ ಗಂಡ ಬಡಕಲು ಆಸಾಮಿ. ಅಷ್ಟು ಹಿಟ್ಟು ಯಾವ ದೇಹಕ್ಕೆ ಹೋಗುತ್ತದೆ ಎಂದು ನಾವು ಬಹಳ ವರ್ಷ ಆಶ್ಚರ್ಯಪಟ್ಟಿದ್ದೇವೆ.

ಒಂದು ದಿನ ಅಕ್ಕನ ಪಾಳಿ ಬಂತು. ನನ್ನ ತಮ್ಮ ಡಬ್ಬಿ ಎತ್ತಿದ. ಎತ್ತಿದ ರಭಸಕ್ಕೆ ಅದು ತಲೆಯ ಮೇಲಕ್ಕೆ ಹೋಯಿತು. ಒಳಗೆ ಏನೂ ಇರಲಿಲ್ಲ.

"ಅಕ್ಕಾ, ಏನ್ ಬೀಸ್ಲಿ?"

"ಗೋಧಿ ಕಣಪ್ಪ."

"ಎಲ್ಲೈತೆ?"

"ಮಾಳಿಗೆ ಮೇಲೆ ಒಣಗ್ತಾ ಐತೆ. ಅದು ಒಣಗೋವರ್ಗೂ ಪಾಳಿ ಕಾಯುತ್ತಾ? ಅದಕ್ಕೆ ಪಾಳಿ ಮೊದ್ಲು ತಂದೆ."

ಹಿಂದಿದ್ದ ನಿವೃತ್ತ ಮೇಷ್ಟ್ರು ಕೂಗಾಡಿದರು. ಅಕ್ಕ ತಿರುಗಿ, "ನೀವು ಕೂಸು ಹುಟ್ಟೋಕೆ ಮುಂಚೆ ಇಂಗ್ಲಿಷ್ ಶಾಲೆ ಸೀಟು ಹಿಡೀಲಿಲ್ವಾ ಮೇಷ್ಟ್ರೇ?" ಎಂದರು. ಮೇಷ್ಟ್ರ ಮೊಮ್ಮಗನಿಗೆ ಈಚೆಗಷ್ಟೇ ಸೀಟು ಸಿಕ್ಕಿತ್ತು. ಅವರು ತಮ್ಮ ಡಬ್ಬಿಯನ್ನು ತಾವೇ ಹಿಂದಕ್ಕೆ ಎಳೆದುಕೊಂಡರು.

ಊರವರ ಸಪ್ಪೆ ರೊಟ್ಟಿ

ದೊಡ್ಡ ಗಿರಣಿಗಳಲ್ಲಿ ಮೆಣಸಿನಕಾಯಿಗೆ ಬೇರೆ ಯಂತ್ರ ಇರುತ್ತದೆ. ನಮ್ಮದು ಒಂದೇ ಜೋಡಿ ಕಲ್ಲು. ಮೆಣಸಿನಕಾಯಿ ಬೀಸಿದ ಮೇಲೆ ಮುಂದಿನವರ ಹಿಟ್ಟಿಗೆ ಖಾರ ತಗಲುತ್ತದೆ. ಅದಕ್ಕೆ ನಾವು ನಮ್ಮದೇ ಒಂದಿಷ್ಟು ಅಕ್ಕಿ ಹಾಕಿ ಬೀಸಿ ಕಲ್ಲು ತೊಳೆಯುತ್ತೇವೆ. ಖಾರವೆಲ್ಲ ಆ ಅಕ್ಕಿಗೆ ಹೋಗುತ್ತದೆ. ಆ ಅಕ್ಕಿಹಿಟ್ಟು, ಅಪ್ಪನ ಮಾತಿನ ಪ್ರಕಾರ ಕಲ್ಲಿಗೆ ಅಂಟಿದ್ದಾದ್ದರಿಂದ, ನಮ್ಮ ಮನೆಗೆ.

ಇದನ್ನು ಈಗ ಇಷ್ಟು ತಿಳಿಯಾಗಿ ಹೇಳುತ್ತಿದ್ದೇನೆ. ಮದುವೆಯಾಗುವವರೆಗೆ ನನಗೆ ಇದು ಹೊಳೆದಿರಲಿಲ್ಲ.

ಸೊರಬದಿಂದ ಬಂದ ಹೊಸ ಹೆಂಡತಿ ಮೊದಲ ತುತ್ತು ರೊಟ್ಟಿ ಬಾಯಿಗಿಟ್ಟು, ನೀರು ಕುಡಿದು, ಇನ್ನೊಂದು ಲೋಟ ಕುಡಿದು, ಮೆಲ್ಲಗೆ ಕೇಳಿದಳು. "ರೀ, ರೊಟ್ಟಿಗೆ ಎಂತಕ್ಕೆ ಮೆಣಸಿನಪುಡಿ ಹಾಕ್ತೀರಿ?"

"ಯಾರು ಹಾಕ್ತಾರೆ? ರೊಟ್ಟಿ ಇರೋದೇ ಹಂಗೆ."

ನಾನು ನಿಜವನ್ನೇ ಹೇಳಿದ್ದೆ. ರೊಟ್ಟಿ ಖಾರವಾಗಿರುತ್ತದೆ, ಬೆಲ್ಲ ಸಿಹಿಯಾಗಿರುತ್ತದೆ, ಇವು ನಾನು ತಿಳಿದಿದ್ದ ಸೃಷ್ಟಿಯ ನಿಯಮಗಳು. ಶಿವಮೊಗ್ಗದ ಹಾಸ್ಟೆಲಿನಲ್ಲಿ ರೊಟ್ಟಿ ಸಪ್ಪಗಿದ್ದಾಗ ಅಡುಗೆಯವನು ಏನೋ ಉಳಿಸಿಕೊಳ್ಳುತ್ತಿದ್ದಾನೆ ಎಂದು ಅನುಮಾನಪಟ್ಟಿದ್ದೆ. ಅವ್ವ ಸೊಸೆಯನ್ನು ನೋಡಿ, "ಸೊರಬದೋರ ನಾಲಿಗೆ ಮೆತ್ತಗೆ, ಬರೀ ಅನ್ನ ತಿಂದು ತಿಂದು" ಎಂದಳು.

ಹೆಂಡತಿ ಬಿಡಲಿಲ್ಲ. ಹಿಟ್ಟಿನ ಜಾಡು ಹಿಡಿದು ಅಡುಗೆಮನೆಯಿಂದ ಗಿರಣಿಗೆ ಬಂದಳು, ಬುಟ್ಟಿ ಬೋರಲು ಹಾಕಿಕೊಂಡು ಕೂತಳು, ಸಂಜೆಯ ಹೊತ್ತಿಗೆ ಇಡೀ ಸಂಗತಿಯನ್ನು ಪತ್ತೆ ಮಾಡಿದಳು. ಊಟಕ್ಕೆ ಕೂತಾಗ ಎಲ್ಲರ ಮುಂದೆ ಬಿಡಿಸಿ ಹೇಳಿದಳು. ತಮ್ಮ ತನ್ನ ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ನೋಡಿದ. ಅವ್ವ ನಿಜವಾದ ಸಂಕಟದಿಂದ ಹೇಳಿದಳು.

"ಅಂದ್ರೆ ಊರೋರೆಲ್ಲ ಇಷ್ಟು ವರ್ಷ ಸಪ್ಪೆ ರೊಟ್ಟಿ ತಿಂತಾ ಅದಾರಾ? ಪಾಪ."

ಸಾಬ್ರ ಮಸಾಲೆ ಆದ ಮೇಲೆ

ಮೆಣಸಿನಕಾಯಿ ಆದ ಮೇಲೆ ಯಾರಿಗೂ ಪಾಳಿ ಬೇಡ. ಕಲ್ಲು ತೊಳೆದಿದ್ದೇವೆ ಎಂದರೂ, "ಇರ್ಲಿ, ಅವರದ್ದು ಆಗ್ಲಿ" ಎಂದು ಒಬ್ಬರನ್ನೊಬ್ಬರು ಮುಂದೆ ಬಿಡುತ್ತಾರೆ. ಶಿಕಾರಿಪುರದಲ್ಲಿ ಇಷ್ಟು ಸೌಜನ್ಯ ನೀವು ಬಸ್ ಸ್ಟ್ಯಾಂಡಿನಲ್ಲಿ ನೋಡಲಾರಿರಿ.

ಇದಕ್ಕೆ ವಿರುದ್ಧವಾದದ್ದು ಒಂದು ಸಲ ನಡೆಯಿತು. ತಗಡಿನ ಕೆಲಸದ ಸಾಬ್ರ ಮಗಳ ಮದುವೆ. ಬಿರಿಯಾನಿಗೆ ಮಸಾಲೆ ಬೀಸಿಸಲು ಬಂದರು. ಚಕ್ಕೆ, ಲವಂಗ, ಏಲಕ್ಕಿ, ಜಾಯಿಕಾಯಿ. ಕಲ್ಲು ತಿರುಗತೊಡಗಿದ್ದೇ ವಾಸನೆ ಬೀದಿಗೆ ಹೋಯಿತು, ಬೀದಿ ಒಳಗೆ ಬಂತು. ನನ್ನ ತಮ್ಮ ಕಲ್ಲು ತೊಳೆಯಲು ಅಕ್ಕಿ ಕೈಗೆತ್ತಿಕೊಂಡ.

"ತಡಿ!" ಎಂದರು ನಿವೃತ್ತ ಮೇಷ್ಟ್ರು. ಅವರ ಮನೆಯಲ್ಲಿ ಬೆಳ್ಳುಳ್ಳಿಯನ್ನೂ ಹೆಸರು ಹಿಡಿದು ಕರೆಯುವುದಿಲ್ಲ. "ಅಕ್ಕಿ ಯಾಕೆ ಸುಮ್ನೆ ಹಾಳು ಮಾಡ್ತಿ? ನನ್ನ ಗೋಧಿ ಹಾಕು."

"ಮೇಷ್ಟ್ರೇ, ಇದು ಬಿರಿಯಾನಿ ಮಸಾಲೆ" ಎಂದು ತಮ್ಮ ಎಚ್ಚರಿಸಿದ.

"ಮಸಾಲೆ ಇಲ್ಲೈತೆ, ಕುರಿ ಅವರ ಮನೇಲೈತೆ. ಎರಡೂ ಇನ್ನೂ ಭೇಟಿ ಆಗಿಲ್ಲ. ಹಾಕು."

ಹಿಂದಿನಿಂದ ಎರಡು ಡಬ್ಬಿಯ ಅಕ್ಕ ನುಗ್ಗಿದರು, ಅವರ ಹಿಂದೆ ಇನ್ನಿಬ್ಬರು. ಸಾಬ್ರು ಮಸಾಲೆಯ ಚೀಲ ಹೆಗಲಿಗೇರಿಸಿ ಜಗಳ ನೋಡುತ್ತ ನಿಂತರು. ಹೊರಡುವಾಗ ತಮ್ಮನ ಕಿವಿಯಲ್ಲಿ, "ಮದುವೆಗೆ ಕರೆದ್ರೆ ಇವ್ರ್ಯಾರೂ ಊಟ ಮಾಡಲ್ಲ ಕಣೋ. ನೋಡು, ಮನೆಗೇ ಪಾರ್ಸಲ್ ತಗೊಂಡು ಹೋಗ್ತಾ ಇದಾರೆ" ಎಂದರು.

ಅವತ್ತಿನ ಸಂಗತಿ ತಮ್ಮನನ್ನು ಕೆಡಿಸಿತು. ಕಲ್ಲು ತೊಳೆಯದಿದ್ದರೂ ಜನ ಸಂತೋಷವಾಗಿಯೇ ಹೋಗುತ್ತಾರೆ ಎಂಬ ಒಂದು ನಂಬಿಕೆ ಅವನ ತಲೆಯಲ್ಲಿ ಎಲ್ಲೋ ಕೂತಿತು.

ಹೋಳಿಗೆ

ಕೊನೆಗೆ ನನ್ನ ಹೆಂಡತಿ ತನ್ನ ದೂರದ ನೆಂಟರಲ್ಲಿ ಒಂದು ಹುಡುಗಿ ಹುಡುಕಿದಳು. ಹುಡುಗಿ ಸೊರಬದ ಕಂಪ್ಯೂಟರ್ ಸೆಂಟರ್ ಒಂದರಲ್ಲಿ ಕಲಿಸುತ್ತಾಳೆ. ಅಪ್ಪ ಭತ್ತದ ವ್ಯಾಪಾರಿ. ಹುಡುಗಿ ತಮ್ಮನ ಜೊತೆ ಫೋನಿನಲ್ಲಿ ಮಾತಾಡಿ, ಪರವಾಗಿಲ್ಲ ಎಂದಿದ್ದಳು. ಅಪ್ಪ ಅಮ್ಮ ಮಾತ್ರ, ಮನೆ ನೋಡದೆ ಮಾತು ಕೊಡುವುದಿಲ್ಲ ಎಂದರು. ಭಾನುವಾರ ಮಧ್ಯಾಹ್ನದ ಊಟಕ್ಕೆ ಮೂವರೂ ಬರುವುದೆಂದು ನಿಶ್ಚಯವಾಯಿತು.

ಶನಿವಾರ ಹೆಂಡತಿ ಆಜ್ಞೆ ಹೊರಡಿಸಿದಳು. "ನಾಳೆ ನಮ್ಮನೆ ಹಿಟ್ಟು ಮುಟ್ಟಬಾರ್ದು. ಹೋಳಿಗೆ ಕಣಕಕ್ಕೆ ಎರಡು ಡಬ್ಬಿ ಅಕ್ಕನ ಹತ್ರ ಗೋಧಿಹಿಟ್ಟು ತಗೊಳ್ತೀನಿ. ಈ ಹುಡುಗಿನೂ ತಪ್ಪಿಹೋದ್ರೆ ನಿಮ್ಮ ತಮ್ಮನಿಗೆ ಆ ಕಲ್ಲನ್ನೇ ಕಟ್ಟಬೇಕಾಗ್ತದೆ."

ಅದೇ ಶನಿವಾರ ಸಂಜೆ ಅಕ್ಕನ ಖಾಲಿ ಡಬ್ಬಿಯ ಪಾಳಿ ಎಂದಿನಂತೆ ಬಂದು ಹೋಯಿತು. ಮಾಳಿಗೆಯಿಂದ ಗೋಧಿ ಇಳಿದು ಬರುವಷ್ಟರಲ್ಲಿ ಒಬ್ಬರ ಮೆಣಸಿನಕಾಯಿ ಬೀಸಿ ಮುಗಿದಿತ್ತು. ತಮ್ಮ ಕಲ್ಲು ತೊಳೆಯಲು ಅಕ್ಕಿಗೆ ಕೈ ಹಾಕಿದಾಗ ಫೋನು ಸದ್ದು ಮಾಡಿತು. 'ನಾಳೆ ಯಾವ ಬಣ್ಣದ ಸೀರೆ ಉಡಲಿ?' ಎಂದು ಹುಡುಗಿ ಕೇಳಿದ್ದಳು. ಬಲ್ಬು ಮಿಣಮಿಣ ಎನ್ನುತ್ತಿತ್ತು. "ಕರೆಂಟ್ ಹೋಗುತ್ತೆ, ಬೀಸೋ ಬೇಗ!" ಎಂದು ಅಕ್ಕ ಕೂಗಿದರು. ತಮ್ಮ ಒಂದು ಕೈಯಲ್ಲಿ 'ಕೆಂಪು' ಎಂದು ಒತ್ತುತ್ತ, ಇನ್ನೊಂದು ಕೈಯಲ್ಲಿ ಅಕ್ಕನ ಗೋಧಿ ಸುರಿದ.

ಭಾನುವಾರ ಹಿಟ್ಟು ಅಕ್ಕನ ಮನೆಯಿಂದ ಬಂತು. ಹೆಂಡತಿ ನೆಂಟರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದಳು. ಅವ್ವ ಕಣಕ ಕಲಸಿ, ಬಣ್ಣ ಒಂಚೂರು ಕೆಂಪಗಿರುವುದನ್ನು ನೋಡಿ, "ಒಳ್ಳೇ ಗೋಧಿ" ಎಂದಳು. ಮೊದಲ ಹೋಳಿಗೆಯನ್ನು ತಾನೇ ರುಚಿ ನೋಡಿ, "ಏನೂ ತೊಂದ್ರೆ ಇಲ್ಲ" ಎಂದಳು. ಅವಳ ನಾಲಿಗೆಗೆ ತೊಂದರೆ ಇರಲಿಲ್ಲ, ನಿಜ.

ಭತ್ತದ ವ್ಯಾಪಾರಿಗಳು ಬಂದು ಕೈಕಾಲು ತೊಳೆದು, "ಉದ್ಯಮ ಎಲ್ಲಿ ಅದೆ?" ಎಂದು ಕೇಳಿದರು. ಅವ್ವ ಗಿರಣಿಯ ಕಡೆ ಕೈ ತೋರಿಸಿ, "ಇದೇ. ಬೀಸ್ತಾನೆ" ಎಂದಳು. ಅವರು ನನ್ನ ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನ ಮುಖ. ಅವರ ಮುಖ ಸಪ್ಪಗಾಯಿತು. ನಾನು ತಡಮಾಡದೆ ಎಲೆ ಹಾಕಿಸಿದೆ.

ಸೊರಬದ ಕಡೆಯವರು ಮರ್ಯಾದಸ್ಥರು. ಬಡಿಸಿದ್ದನ್ನು ಎಲೆಯಲ್ಲಿ ಬಿಡುವುದಿಲ್ಲ. ಮೊದಲ ತುತ್ತಿಗೆ ಹುಡುಗಿಯ ಅಪ್ಪ ತಲೆಯೆತ್ತಿದರು. ಎರಡನೆಯದಕ್ಕೆ ಕಣ್ಣು ತುಂಬಿತು. ಹುಡುಗಿಯ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು, ತಮ್ಮ, ಅವ್ವ ನೆಮ್ಮದಿಯಾಗಿ ತಿನ್ನುತ್ತಿದ್ದೆವು. ಬಡಿಸುತ್ತಿದ್ದ ನನ್ನ ಹೆಂಡತಿ ಅನುಮಾನದಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡು, ತುಪ್ಪದ ಗಿಂಡಿ ಹಿಡಿದು ಕಲ್ಲಾಗಿ ನಿಂತಳು.

ಬೀಗರ ಕೆನ್ನೆಯ ಮೇಲೆ ನೀರು ಇಳಿಯುವುದನ್ನು ನೋಡಿ ಅವ್ವನ ಕರುಳು ಚುರುಕ್ಕೆಂದಿತು.

"ಅಳಬ್ಯಾಡ್ರಿ ಅಣ್ಣಾರೇ. ಹೆಣ್ಣು ಹೆತ್ತೋರ ಸಂಕಟ ನಂಗೂ ಗೊತ್ತು. ನಿಮ್ಮ ಮಗಳನ್ನ ಮಗಳಂಗೇ ನೋಡ್ಕೋತೀವಿ. ಕೊಡ್ತೀರಿ ಹೌದಲ್ಲ?"

ಅವರು ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಏನಾದರೂ ಕೊಡಿ ಎನ್ನುವಂತೆ ಜೋರಾಗಿ ತಲೆಯಾಡಿಸಿದರು.

"ಒಪ್ಪಿದ್ರು!" ಎಂದು ಅವ್ವ ಎದ್ದು, ಮಾತು ಮುಗಿದ ಮನೆಯಲ್ಲಿ ಮಾಡುವಂತೆ ಸಕ್ಕರೆಯ ಬಟ್ಟಲು ತಂದು ಮುಂದೆ ಹಿಡಿದಳು. ಸಾಮಾನ್ಯವಾಗಿ ಬೀಗರು ನಾಲ್ಕು ಹರಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಅಲ್ಲಿಗೆ ಸಂಬಂಧ ಗಟ್ಟಿ. ಇವರು ಬಟ್ಟಲನ್ನೇ ಕಿತ್ತುಕೊಂಡು ಅರ್ಧ ತಾವು ಬಾಯಿಗೆ ಸುರಿದುಕೊಂಡು ಉಳಿದದ್ದನ್ನು ಹೆಂಡತಿಗೆ ಕೊಟ್ಟರು. ಬಾಗಿಲಲ್ಲಿ ಸೇರಿದ್ದ ಬೀದಿಯ ಹೆಂಗಸರೆಲ್ಲ ನೋಡಿದರು.

"ಮಗಳನ್ನ ಕೊಡೋಕೆ ಇಷ್ಟು ಆತುರ ಇರೋರನ್ನ ನಾ ಎಲ್ಲೂ ನೋಡಿಲ್ಲವ್ವ" ಎಂದರು ಎರಡು ಡಬ್ಬಿಯ ಅಕ್ಕ.

ಹುಡುಗಿಯ ಷರತ್ತು

ಅಪ್ಪ ಸಕ್ಕರೆ ತಿಂದಿದ್ದರೂ ಮಾತು ಇನ್ನೂ ಹುಡುಗಿಯ ಕೈಯಲ್ಲಿತ್ತು. ಅವಳು ತಮ್ಮನ ಹತ್ತಿರ ಮಾತಾಡಬೇಕು ಎಂದು ಗಿರಣಿಯೊಳಗೆ ಹೋದಳು. ನಾನು ಬೆಲ್ಟಿಗೆ ಎಣ್ಣೆ ಬಿಡುವ ನೆಪದಲ್ಲಿ ಹಿಂದಿನ ಬಾಗಿಲಲ್ಲಿದ್ದೆ. ಬೆಲ್ಟಿಗೆ ಎಣ್ಣೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ.

"ಹೋಳಿಗೆ ಎಂತ ಆಗಿತ್ತು?" ಅವಳು ಕೇಳಿದಳು. ಕೆಂಪು ಸೀರೆ, ಕೆಂಪು ಮೂಗು, ಕೆಂಪು ಕಣ್ಣು.

ತಮ್ಮ ಕಾಲು ಕುಣಿಸುತ್ತ, ಕಲ್ಲು, ಅಕ್ಕಿ, ಅಕ್ಕನ ಡಬ್ಬಿ, ಸೀರೆಯ ಬಣ್ಣ ಎಲ್ಲವನ್ನೂ ಹೇಳಿದ. ಏನೂ ಮುಚ್ಚಿಡಲಿಲ್ಲ. ಅವಳು ಬಹಳ ಹೊತ್ತು ಕೆಮ್ಮಿದಳೋ ನಕ್ಕಳೋ ನನಗೆ ತಿಳಿಯಲಿಲ್ಲ.

"ನೀವು ಬೀಸೋದಕ್ಕೆ ನನ್ನದೇನೂ ಅಡ್ಡಿ ಇಲ್ಲ. ಆದ್ರೆ ಒಂದು. ಮದುವೆ ಆದ್ಮೇಲೆ ಮನೆಗೆ ಹಿಟ್ಟು ಬೇರೆ ಗಿರಣಿಯಿಂದ ತರ್ಬೇಕು. ಆಗ್ತದಾ?"

ಬೀದಿಯ ಆ ತುದಿಯಲ್ಲಿ ಇನ್ನೊಂದು ಗಿರಣಿ ಇದೆ. ಅದರ ಯಜಮಾನರಿಗೂ ನಮ್ಮ ಅಪ್ಪನಿಗೂ ಮಾತು ನಿಂತದ್ದು ನಮ್ಮ ಬಾಲ್ಯದಲ್ಲಿ. ನಮ್ಮ ಮನೆಯವರು ಅಲ್ಲಿಗೆ ಡಬ್ಬಿ ಒಯ್ಯುವುದೆಂದರೆ ನಮ್ಮ ಕಲ್ಲಿಗೆ ನಾವೇ ಮಣ್ಣು ಹಾಕಿದಂತೆ. ತಮ್ಮ ಒಂದು ಕ್ಷಣ, ಬಹುಶಃ ಹುಟ್ಟಿದಾಗಿನಿಂದ ಮೊದಲ ಸಲ, ಕಾಲು ಅಲ್ಲಾಡಿಸದೆ ನಿಂತ. ಆಮೇಲೆ, "ಆಗ್ತದೆ" ಎಂದ. ಸೊರಬದ ಭಾಷೆಯೂ ಬಂದುಬಿಟ್ಟಿತ್ತು.

ಮಾತು ಕೊಟ್ಟ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಸೋಮವಾರ ಬೆಳಿಗ್ಗೆಯೇ ಗೋಧಿಯ ಡಬ್ಬಿ ಹೊತ್ತು ಹೊರಟ. ಅವಮಾನ ಹಂಚಿಕೊಳ್ಳಲು ನಾನೂ ಜೊತೆಗೆ ಹೋದೆ. ಬೀದಿಯ ಜನ ಹೊರಗೆ ಬಂದು ನೋಡಿದರು. ಯಜಮಾನರು ನಮ್ಮನ್ನು ಕಂಡವರೇ ಎದ್ದು, ಸರ್ರನೆ ಒಳಗೆಳೆದು ಬಾಗಿಲು ಮುಂದೆ ಮಾಡಿದರು. ಹೊಡೆಯುತ್ತಾರೆ ಎಂದುಕೊಂಡೆ.

"ನೀವಾಗೇ ಬಂದ್ರಲ್ಲ, ಒಳ್ಳೇದಾಯ್ತು" ಎಂದರು. ಅವರ ಕಣ್ಣೂ ಕೆಂಪಗಿತ್ತು. "ಶನಿವಾರ ಕಲ್ಲು ತೊಳೀಲಿಲ್ವೇನಪ್ಪಾ? ನಿನ್ನೆ ನಮ್ಮನೇಲಿ ಮೊಮ್ಮಕ್ಕಳಾದಿಯಾಗಿ ಎಲ್ಲಾ ಅತ್ರು."

"ನಿಮಗೆ ಹೆಂಗೆ ಗೊತ್ತು?" ಎಂದ ತಮ್ಮ.

ಯಜಮಾನರು ಸೂರು ನೋಡಿದರು. ಅವರಲ್ಲೂ ಒಂದೇ ಜೋಡಿ ಕಲ್ಲು, ಮೊದಲು ಅವರ ಮನೆಗೂ ಕಲ್ಲು ತೊಳೆದ ಹಿಟ್ಟೇ ಹೋಗುತ್ತಿತ್ತು. ಅವರ ಹೆಂಡತಿ ಮದುವೆಯಾದ ಹೊಸತರಲ್ಲೇ, ಈ ಮನೆಯಲ್ಲಿ ಬೀಸಿದ್ದನ್ನು ತಿನ್ನುವುದಿಲ್ಲ ಎಂದಿದ್ದರಂತೆ. ಅಂದಿನಿಂದ ಆ ಮನೆಯ ಗೋಧಿ ನಮ್ಮ ಗಿರಣಿಗೆ ಬಂದು ಹೋಗುತ್ತಿದೆ.

"ನಿಮ್ಮನೆಯಿಂದ ಯಾರೂ ಬರೋದನ್ನ ನಾ ನೋಡಿಲ್ವಲ್ಲ" ಎಂದೆ ನಾನು.

"ಎರಡು ಡಬ್ಬಿ ತರೋ ಅಕ್ಕ ಇಲ್ವೇನ್ರೀ? ಅದ್ರಲ್ಲಿ ಒಂದು ನಮ್ದು."

ಅಕ್ಕನ ಗಂಡ ಯಾಕೆ ಬಡಕಲು ಎಂಬುದು ಅವತ್ತು ತಿಳಿಯಿತು.

ಈಗ ಅಕ್ಕ ಮೂರು ಡಬ್ಬಿ ಹೊರುತ್ತಾರೆ. ಮೂರನೆಯದು ನಮ್ಮದು, ಅದು ಆ ತುದಿಯ ಗಿರಣಿಗೆ ಹೋಗುತ್ತದೆ. ಸಾಬ್ರು ಅದನ್ನೂ ಅದೇ ಅಚ್ಚಿನಲ್ಲಿ ಮಾಡಿಕೊಟ್ಟಿದ್ದಾರೆ. ಯಾವುದು ಯಾರದ್ದು ಎಂದು ಅಕ್ಕನಿಗೆ ಮಾತ್ರ ಗೊತ್ತು. ಅವ್ವ ಸೊಸೆಯ ಕಣ್ಣು ತಪ್ಪಿಸಿ ರೊಟ್ಟಿಗೆ ಒಂದು ಚಿಟಿಕೆ ಮೆಣಸಿನಪುಡಿ ಹಾಕಿಕೊಳ್ಳುತ್ತಾಳೆ.

ಮದುವೆ ಸೊರಬದಲ್ಲಾಯಿತು. ಊಟದ ಪಂಕ್ತಿಯಲ್ಲಿ ಹುಡುಗಿಯ ವಯಸ್ಸಾದ ದೊಡ್ಡಮ್ಮ ಒಬ್ಬರು ಕೂತಿದ್ದರು. ಕಿವಿ ಸ್ವಲ್ಪ ಮಂದ, ಆದ್ದರಿಂದ ದನಿ ದೊಡ್ಡದು. ಇಡೀ ಪಂಕ್ತಿ ಕೈ ನಿಲ್ಲಿಸುವಂತೆ ಕೇಳಿದರು.

"ಅಲ್ವೇ, ನಿನ್ ಗಂಡ ಎಂತ ಮಾಡ್ಕಂಡಿದಾನೆ?"

ಆ ತುದಿಯಿಂದ ನನ್ನ ಹೆಂಡತಿ "ಆಹಾರ ಸಂ..." ಎಂದು ಬಾಯಿ ತೆರೆದಳು. ಅವ್ವ ಈ ತುದಿಯಿಂದ ತಯಾರಾದಳು. ಆದರೆ ಮದುಮಗಳೇ ಮೊದಲು ತಲೆ ಎತ್ತಿದಳು.

"ಬೀಸ್ತಾರೆ ದೊಡ್ಡಮ್ಮ."

"ಎಂತದನ್ನ?"

"ಊರಿನವರದ್ದೆಲ್ಲಾ. ನಮ್ಮನೇದೊಂದು ಬಿಟ್ಟು."